ಎರಡಿದ್ದರೆ ಸಾಲದು

ಪುಣೆಯ ಸುತ್ತಣ ಪಿಂಪರಿ, ಭೋಸರಿ, ಚಾಕಣ, ರಾಂಜಣಗಾಂವ, ಕುರಕುಂಭ ಮೊದಲಾದ ಔದ್ಯೋಗಿಕ ವಸಾಹತುಗಳಲ್ಲಿ ಹಗಲಿರುಳೆನ್ನದೆ ದುಡಿಯುವವರ ಪೈಕಿ ಬೆಳಗಾವಿ, ವಿಜಯಪುರ, ಕಲಬುರ್ಗಿ, ಧಾರವಾಡಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ. ಅವರಲ್ಲಿ ರಾಸಾಯನಿಕ ಹಾಗೂ ಔಷಧ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುವವರ ಕ್ಷೇಮವು ಇಂದು ಉಕ್ಕಿನ ಕಪಾಟಿನೊಳಗೆ ಕುಳಿತಿರುವ ಒಂದು ಪುಟ್ಟ ಯಂತ್ರವನ್ನು ನೆಚ್ಚಿಕೊಂಡಿದೆ. ಕಂಟ್ರೋಲರ್ ಎಂದು ಎಲ್ಲರೂ ಕರೆಯುವ ಈ ನಿಯಂತ್ರಕವು ಬಾಯ್ಲರಿನ ನೀರಿನ ಮಟ್ಟವನ್ನೂ ಪಾತ್ರೆಗಳ ಉಷ್ಣತೆಯನ್ನೂ ಒತ್ತಡವನ್ನೂ ಸೆಕೆಂಡಿಗೆ ಹಲವು ಬಾರಿ ಅಳೆದು, ಇರಬೇಕಾದ ಪ್ರಮಾಣದೊಂದಿಗೆ ತಾಳೆ ನೋಡಿ, ವಾಲ್ವುಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಹಿಂದೆ ಅನುಭವಿ ಕೆಲಸಗಾರನೊಬ್ಬನ ಕಣ್ಣು ಮತ್ತು ಕೈ ಮಾಡುತ್ತಿದ್ದ ಕೆಲಸವೇ ಇದು.

ಈ ಯಂತ್ರ ನಡುರಾತ್ರಿಯಲ್ಲಿ ಕೆಟ್ಟು ನಿಂತರೆ ಗತಿಯೇನು ಎಂದು ಕೇಳಿದರೆ ಬಹುತೇಕ ಕಾರ್ಖಾನೆಗಳಲ್ಲಿ ದೊರೆಯುವ ಉತ್ತರ ಒಂದೇ: "ಚಿಂತೆಯಿಲ್ಲ, ಎರಡನೆಯದು ಇದೆ." ಈ ಉತ್ತರ ಎಷ್ಟು ಗಟ್ಟಿ ಎಂಬುದನ್ನು ಪರಿಶೀಲಿಸುವುದು ಅವಶ್ಯ. ಏಕೆಂದರೆ ಲೆಕ್ಕದ ಪುಸ್ತಕದಲ್ಲಿ ಎರಡಾಗಿ ಕಾಣುವುದು ಆಪತ್ಕಾಲದಲ್ಲಿ ಒಂದೂ ಆಗದೆ ಹೋದ ನಿದರ್ಶನಗಳು ಅನೇಕ.

ಮೀಸಲು ನಿಯಂತ್ರಕದ ಕಾರ್ಯವಿಧಾನ ಸರಳವಾದುದು. ಮುಖ್ಯ ನಿಯಂತ್ರಕವು ತಾನು ಸುಸ್ಥಿತಿಯಲ್ಲಿರುವುದನ್ನು ಸಾರುವ ಸಂಕೇತವೊಂದನ್ನು ಎಡೆಬಿಡದೆ ಕಳುಹಿಸುತ್ತಿರುತ್ತದೆ. ಆ ಸಂಕೇತ ನಿಂತೊಡನೆ ಮೀಸಲು ಯಂತ್ರವು ವಾಲ್ವುಗಳ ಹೊಣೆಯನ್ನು ವಹಿಸಿಕೊಳ್ಳಬೇಕು. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯವಾದರೆ ಮೊದಲನೆಯದರ ನೆನಪೆಲ್ಲವೂ ಆಗಿಂದಾಗ್ಗೆ ಎರಡನೆಯದಕ್ಕೆ ನಕಲಾಗುತ್ತಿರುತ್ತದೆ. ಹೊಣೆ ಬದಲಾದದ್ದು ಹೊರಗಿನವರಿಗೆ ಗೊತ್ತಾಗುವುದೂ ಇಲ್ಲ. ಕೇಳುವುದಕ್ಕೆ ಇದಕ್ಕಿಂತ ಉತ್ತಮ ವ್ಯವಸ್ಥೆ ಬೇರೆ ಬೇಡವೆನಿಸುತ್ತದೆ.

ಆದರೆ ಎರಡನೆಯದು ಇದ್ದೂ ಉಪಯೋಗಕ್ಕೆ ಬಾರದೆ ಹೋಗುವುದು ಹೇಗೆಂದು ತಿಳಿಯಲು ಪುಣೆಯ ನಿವಾಸಿಗಳು ದೂರ ಹೋಗಬೇಕಾಗಿಲ್ಲ. 1961ರ ಜುಲೈ 12ರಂದು, ಆಂಬಿ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ, ಕೆಲಸ ಇನ್ನೂ ಪೂರ್ಣಗೊಂಡಿರದ ಪಾನಶೇತದ ಮಣ್ಣಿನ ಅಣೆಕಟ್ಟು ಒಡೆಯಿತು. ಅದನ್ನು ಉಳಿಸಿಕೊಳ್ಳಲು ಸೈನಿಕರು ಮರಳಿನ ಚೀಲಗಳನ್ನು ಪೇರಿಸಿ ಮಾಡಿದ ಸಾಹಸ ವ್ಯರ್ಥವಾಯಿತು. ಆ ಜಲರಾಶಿಗೂ ನಗರಕ್ಕೂ ನಡುವೆ ಇದ್ದ ತಡೆ 19ನೆಯ ಶತಮಾನದಲ್ಲಿ ಕಟ್ಟಿದ ಖಡಕವಾಸ್ಲಾ ಅಣೆಕಟ್ಟು ಒಂದೇ. ಮೇಲಿನಿಂದ ಬಂದ ನೀರಿನ ಭಾರವನ್ನು ತಾಳಲಾರದೆ ಅದೇ ದಿನ ಅದೂ ಬಿರಿಯಿತು. ಮುಠಾ ನದಿಯ ದಂಡೆಯ ಪೇಟೆಗಳು ಮುಳುಗಿದವು. ಪ್ರವಾಹ ಇಳಿದ ಮೇಲೆ ಮತ್ತೊಂದು ಸಂಕಟ ಎದುರಾಯಿತು: ನಗರಕ್ಕೆ ಕುಡಿಯುವ ನೀರು ಬರುತ್ತಿದ್ದುದೂ ಆ ಖಡಕವಾಸ್ಲಾದಿಂದಲೇ. ಖಡಕವಾಸ್ಲಾವನ್ನು ಪಾನಶೇತದ ಮೀಸಲು ರಕ್ಷಣೆಯೆಂದು ಯಾರೂ ಕಟ್ಟಿರಲಿಲ್ಲ ಎಂಬುದು ನಿಜ. ಆದರೂ ಪಾಠ ಸ್ಪಷ್ಟವಾಗಿದೆ. ಮೊದಲನೆಯದರ ಸೋಲು ಎರಡನೆಯದರ ಮೇಲೆ ಹೊರೆಯಾಗಿ ಬೀಳುವಂತಿದ್ದರೆ, ಆ ಹೊರೆಯನ್ನು ಹೊರುವ ಶಕ್ತಿ ಎರಡನೆಯದಕ್ಕೆ ಇರಬೇಕು. ಇಲ್ಲವಾದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಎರಡನೆಯ ಅಪಾಯ, ಎರಡೂ ಒಂದೇ ಅಚ್ಚಿನವಾಗಿರುವುದು. 1996ರ ಜೂನ್ 4ರಂದು ಯೂರೋಪಿನ ಏರಿಯನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲೇ, ನೆಲ ಬಿಟ್ಟು ಒಂದು ನಿಮಿಷ ತುಂಬುವ ಮೊದಲೇ, ನಾಶವಾಯಿತು. ಅದರ ದಿಕ್ಕನ್ನೂ ಚಲನೆಯನ್ನೂ ಅಳೆದು ತಿಳಿಸಲು ಎರಡು ಯಂತ್ರಗಳಿದ್ದವು. ಎರಡರಲ್ಲೂ ಹಳೆಯ ಏರಿಯನ್-4ರಿಂದ ತಂದ ಅದೇ ಲೆಕ್ಕದ ಕ್ರಮವಿತ್ತು. ಆ ಲೆಕ್ಕ ಹಿಡಿಸಲಾರದಷ್ಟು ದೊಡ್ಡ ಅಂಕಿಯೊಂದು ಬಂದಾಗ ಮೀಸಲು ಯಂತ್ರ ಮೊದಲು ನಿಂತಿತು. ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವುದರೊಳಗೆ ಮುಖ್ಯ ಯಂತ್ರವೂ ನಿಂತಿತು. ಒಬ್ಬನೇ ಶಿಕ್ಷಕನಲ್ಲಿ ಒಂದೇ ತಪ್ಪನ್ನು ಕಲಿತ ಇಬ್ಬರು ವಿದ್ಯಾರ್ಥಿಗಳು ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರವನ್ನು ಬರೆಯುವುದು ಸಹಜವಲ್ಲವೆ?

ಮೂರನೆಯದು, ಎರಡಕ್ಕೂ ದಾರಿ ಒಂದೇ ಆಗಿರುವುದು. ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಕೇಂದ್ರದಲ್ಲಿ 1993ರ ಮಾರ್ಚ್ 31ರ ಬೆಳಗಿನ ಜಾವ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹತ್ತಿತು. ಮುಖ್ಯ ವಿದ್ಯುತ್ತಿನ ಕೇಬಲ್ಲುಗಳಿಗೂ ಮೀಸಲು ವಿದ್ಯುತ್ತಿನ ಕೇಬಲ್ಲುಗಳಿಗೂ ನಡುವೆ ಬೆಂಕಿಯನ್ನು ತಡೆಯುವಂಥ ಅಂತರ ಇರಲಿಲ್ಲವಾದ್ದರಿಂದ ಎರಡೂ ಸುಟ್ಟು, ಕೇಂದ್ರವು ಸುಮಾರು 17 ಗಂಟೆಗಳ ಕಾಲ ಕತ್ತಲಲ್ಲಿ ಮುಳುಗಿತು. ಆ ದಿನ ಅನರ್ಥವಾಗದಂತೆ ತಡೆದದ್ದು ವಿದ್ಯುತ್ತಿನ ಹಂಗಿಲ್ಲದ ಎರಡು ಸಾಧನಗಳು: ಡೀಸೆಲ್ ಎಂಜಿನ್ನಿನಿಂದ ನಡೆಯುವ ಬೆಂಕಿ ಆರಿಸುವ ಪಂಪುಗಳು, ಮತ್ತು ಕತ್ತಲಲ್ಲೇ ಮೇಲೆ ಹತ್ತಿ ಬೋರಾನ್ ದ್ರಾವಣವನ್ನು ಕೈಯಾರೆ ಹರಿಯಬಿಟ್ಟ ಸಿಬ್ಬಂದಿಯ ಧೈರ್ಯ. ಕಾಪಾಡಿದ್ದು ಬೇರೆ ಜಾತಿಯ ಮೀಸಲು ಎಂಬುದನ್ನು ಗಮನಿಸಬೇಕು.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದೇನೂ ಹೊಸ ಮಾತಲ್ಲ. ಸಾಲಗಾರನ ಅಂಗಡಿಯಲ್ಲೇ ಪಾಲುದಾರನಾಗಿರುವವನು ಆ ಸಾಲಕ್ಕೆ ಜಾಮೀನು ನಿಂತರೆ ಕಾಗದದ ಮೇಲೆ ಇಬ್ಬರ ಸಹಿ ಇರುತ್ತದೆ. ಅಂಗಡಿ ಮುಳುಗಿದ ದಿನ ಇಬ್ಬರೂ ಒಟ್ಟಿಗೇ ಮುಳುಗುತ್ತಾರೆ. ಜಾಮೀನುದಾರನ ಆದಾಯದ ಮೂಲ ಬೇರೆ ಇದ್ದರೆ ಮಾತ್ರ ಆ ಸಹಿಗೆ ಬೆಲೆ.

ಆದುದರಿಂದಲೇ ಪ್ರಾಣಾಪಾಯದ ಕೆಲಸಗಳಲ್ಲಿ ತಿಳಿದವರು ಮುಖ್ಯ ಮತ್ತು ಮೀಸಲುಗಳನ್ನು ಬುದ್ಧಿಪೂರ್ವಕವಾಗಿ ಬೇರೆ ಬೇರೆ ಬಗೆಯವನ್ನಾಗಿ ಇಡುತ್ತಾರೆ. ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ಕ್ರಿಯೆಯನ್ನು ತಟ್ಟನೆ ನಿಲ್ಲಿಸಲು ಎರಡು ವ್ಯವಸ್ಥೆಗಳಿವೆ. ಒಂದರಲ್ಲಿ ಘನವಾದ ಸರಳುಗಳು ಕೆಳಗಿಳಿಯುತ್ತವೆ. ಇನ್ನೊಂದರಲ್ಲಿ ಕೊಳವೆಗಳೊಳಕ್ಕೆ ದ್ರವ ನುಗ್ಗುತ್ತದೆ. ಸರಳು ಸಿಕ್ಕಿಕೊಳ್ಳುವ ಕಾರಣಕ್ಕೂ ದ್ರವ ನಿಲ್ಲುವ ಕಾರಣಕ್ಕೂ ಸಂಬಂಧವಿಲ್ಲ. ಅಮೆರಿಕೆಯ ಬಾಹ್ಯಾಕಾಶ ಷಟಲ್ ನೌಕೆಯಲ್ಲಿಯೂ ನಾಲ್ಕು ಗಣಕಯಂತ್ರಗಳು ಒಂದೇ ಕಾರ್ಯಕ್ರಮವನ್ನು ನಡೆಸುತ್ತಿದ್ದರೆ, ಐದನೆಯದರಲ್ಲಿ ಬೇರೆಯವರು ಪ್ರತ್ಯೇಕವಾಗಿ ಬರೆದ ಕಾರ್ಯಕ್ರಮವಿತ್ತು.

ಹಾಗೆಂದ ಮಾತ್ರಕ್ಕೆ ಬೇರೆ ಬೇರೆ ಕಂಪನಿಗಳ ಎರಡು ನಿಯಂತ್ರಕಗಳನ್ನು ಕೊಂಡು ಜೋಡಿಸಿದರೆ ಮುಗಿಯಿತೆಂದು ಭಾವಿಸಬಾರದು. ಭಿನ್ನತೆಗೆ ಅದರದೇ ಆದ ತೊಡಕುಗಳಿವೆ. ಆ ಷಟಲ್ ನೌಕೆಯ ಮೊದಲ ಉಡ್ಡಯನವನ್ನು 1981ರ ಏಪ್ರಿಲ್ 10ರಂದು ಕೊನೆಯ ಗಳಿಗೆಯಲ್ಲಿ ಮುಂದೂಡಬೇಕಾಯಿತು. ಕಾರಣ, ಐದನೆಯ ಗಣಕಕ್ಕೂ ಉಳಿದ ನಾಲ್ಕಕ್ಕೂ ಸಮಯದ ಹೊಂದಾಣಿಕೆ ಕೂಡಿಬರಲಿಲ್ಲ. ನೌಕೆ ಹಾರಿದ್ದು ಎರಡು ದಿನಗಳ ಅನಂತರ. ಒಂದರ ನೆನಪು ಇನ್ನೊಂದಕ್ಕೆ ಓದಲು ಬಾರದಿರುವಾಗ ವಾಲ್ವು ಎಷ್ಟು ತೆರೆದಿದೆ, ಉಷ್ಣತೆ ಎಷ್ಟಿರಬೇಕು ಎಂಬಂಥ ಕೆಲವೇ ಮುಖ್ಯ ಅಂಕಿಗಳನ್ನಾದರೂ ಅವು ಸದಾ ಹಂಚಿಕೊಳ್ಳುತ್ತಿರಬೇಕು. ಇಲ್ಲವಾದರೆ ಹೊಣೆ ಬದಲಾಗುವ ಕ್ಷಣದಲ್ಲಿ ಅರ್ಧ ತೆರೆದ ವಾಲ್ವು ಒಮ್ಮೆಲೇ ಮುಚ್ಚಿಕೊಂಡು, ಯಂತ್ರ ಕೆಟ್ಟುದಕ್ಕಿಂತ ಹೆಚ್ಚಿನ ಹಾನಿಯಾದೀತು. ಇನ್ನೂ ದೊಡ್ಡ ತೊಡಕೆಂದರೆ, ನಡುವಣ ತಂತಿ ಮಾತ್ರ ತುಂಡಾದಾಗ ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ತಿಳಿದು ತಾನೇ ಯಜಮಾನನೆಂದು ಆಜ್ಞೆ ಹೊರಡಿಸುವುದು. ಎರಡು ದೋಣಿಗಳ ಮೇಲೆ ಕಾಲಿಟ್ಟ ಪಾಡು ಆಗ ವಾಲ್ವಿನದು. ಆದಕಾರಣ ಅಧಿಕಾರ ಯಾರದೆಂದು ತೀರ್ಮಾನಿಸುವ ಮೂರನೆಯ ಸಾಧನವೊಂದು ಬೇಕು; ಅದು ಕೆಡುವುದಕ್ಕೆ ಹೆಚ್ಚೇನೂ ಇಲ್ಲದಷ್ಟು ಸರಳವಾಗಿರಬೇಕು. ಎಲ್ಲವೂ ಕೈಕೊಟ್ಟಾಗ ಕೇವಲ ಸ್ಪ್ರಿಂಗಿನ ಬಲದಿಂದ ವಾಲ್ವು ಸುರಕ್ಷಿತ ಸ್ಥಿತಿಗೆ ಮರಳುವಂತಿರಬೇಕು.

ಈ ಎಲ್ಲ ನಿಯಮಗಳನ್ನೂ ಮನುಷ್ಯದೇಹವು ಬಹುಕಾಲದಿಂದ ಪಾಲಿಸಿಕೊಂಡು ಬಂದಿದೆ. ಹೃದಯದ ಬಲ ಹೃತ್ಕರ್ಣದಲ್ಲಿರುವ ಎಸ್.ಎ. ನೋಡ್ ಎಂಬ ಜೀವಕೋಶಗಳ ಪುಟ್ಟ ಗುಂಪು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಸಂಕೇತ ಕೊಟ್ಟು ಹೃದಯವನ್ನು ಬಡಿಸುತ್ತದೆ. ಅದು ಸುಮ್ಮನಾದರೆ ಹೃತ್ಕರ್ಣ-ಹೃತ್ಕುಕ್ಷಿಗಳ ನಡುವಣ ಎ.ವಿ. ನೋಡ್ ಪ್ರದೇಶವು 40ರಿಂದ 60ರ ಗತಿಯಲ್ಲಿ ಹೊಣೆ ಹೊರುತ್ತದೆ. ಅದೂ ಸೋತರೆ ಹೃತ್ಕುಕ್ಷಿಗಳ ಗೋಡೆಯ ತಂತುಗಳು 20ರಿಂದ 40ರ ನಿಧಾನಗತಿಯಲ್ಲಿ ಜೀವವನ್ನು ಹಿಡಿದಿಡಲು ಯತ್ನಿಸುತ್ತವೆ. ಯಜಮಾನಿಕೆಯ ಜಗಳವೂ ಇಲ್ಲಿಲ್ಲ. ವೇಗವಾಗಿ ನಡೆಯುವುದು ನಿಧಾನವಾದುದನ್ನು ಸುಮ್ಮನಿರಿಸುತ್ತದೆ. ಆದರೆ ಹಾಗೆ ಸುಮ್ಮನಿದ್ದುದು ಎಚ್ಚೆತ್ತುಕೊಳ್ಳಲು ಕೆಲವೊಮ್ಮೆ ಹಲವು ಸೆಕೆಂಡುಗಳು ಹಿಡಿಯುತ್ತವೆ. ಆ ಬಿಡುವಿನಲ್ಲಿ ರೋಗಿ ಮೂರ್ಛೆ ಹೋಗಬಹುದು. ಮನೆಯ ಹಿರಿಯರು ತಟ್ಟನೆ ಕುಸಿದು ಬಿದ್ದು ಮತ್ತೆ ಎದ್ದು ಕುಳಿತರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ ಇ.ಸಿ.ಜಿ. ಮಾಡಿಸುವುದು ಈ ಕಾರಣಕ್ಕಾಗಿಯೇ ಅವಶ್ಯ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಇರಿಸಲಾದ ಪೇಸ್‌ಮೇಕರ್ ಯಂತ್ರವು ಮುಂದೆ ಸುಧಾರಿಸುತ್ತ ಬಂದು, ಹೃದಯ ತಾನೇ ಬಡಿಯುವಷ್ಟು ಕಾಲ ಸುಮ್ಮನೆ ಗಮನಿಸುತ್ತಿದ್ದು, ಬಡಿತ ತಪ್ಪಿದಾಗ ಮಾತ್ರ ಕೆಲಸಕ್ಕಿಳಿಯುವಂತಾಗಿದೆ. ಬೇರೆ ಜಾತಿಯ ಮೀಸಲು ನಿಯಂತ್ರಕಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಬೇರೆ ಬಗೆಯ ಮೀಸಲು ಎಂದರೆ ಖರ್ಚು ಇಮ್ಮಡಿ, ಬಿಡಿಭಾಗಗಳು ಇಮ್ಮಡಿ, ತರಬೇತಿಯೂ ಇಮ್ಮಡಿ ಎಂದು ಉದ್ಯಮಿಗಳು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸಣ್ಣ ಕಾರ್ಖಾನೆಯೊಂದು ಇದನ್ನು ಪೂರ್ಣವಾಗಿ ಭರಿಸಲಾರದು. ಆದರೆ ಹೃದಯದ ಮೀಸಲು ವ್ಯವಸ್ಥೆ ಓಟದ ಸ್ಪರ್ಧೆಗೆ ಸಿದ್ಧವಾದುದಲ್ಲ. ಅದು ಪ್ರಾಣ ಹಿಡಿದಿಡುವಷ್ಟೇ ಕೆಲಸ ಮಾಡುತ್ತದೆ. ಅಂತೆಯೇ ಕಾರ್ಖಾನೆಯ ಭಿನ್ನ ಮೀಸಲು ಉತ್ಪಾದನೆಯನ್ನು ಮುಂದುವರಿಸಬೇಕಾಗಿಲ್ಲ. ಶಾಖವನ್ನು ನಿಲ್ಲಿಸಿ, ತಂಪು ನೀರನ್ನು ಬಿಟ್ಟು, ಒತ್ತಡವನ್ನು ಇಳಿಸಿ, ಎಲ್ಲವನ್ನೂ ಸುರಕ್ಷಿತವಾಗಿ ನಿಲುಗಡೆಗೆ ತಂದರೆ ಸಾಕು. ಉತ್ಪಾದನೆಗೆ ಒಂದೇ ಮಾದರಿಯ ಜೋಡಿ, ಪ್ರಾಣರಕ್ಷಣೆಗೆ ಬೇರೆ ಮಾದರಿಯ ಸರಳ ನಿಯಂತ್ರಕ ಎಂಬ ಹಂಚಿಕೆ ಜೇಬಿಗೂ ಭಾರವಲ್ಲ, ನ್ಯಾಯಕ್ಕೂ ದೂರವಲ್ಲ.

ಕೊನೆಯದಾಗಿ, ಮೀಸಲು ಎಂಬುದು ಅಭ್ಯಾಸದಿಂದ ಮಾತ್ರ ಬದುಕಿರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಕಾರ್ಖಾನೆಯಲ್ಲಿ ರಕ್ಷಣೆಯ ಸಾಧನಗಳಿಗೆ ಕೊರತೆಯಿರಲಿಲ್ಲ. ಶೀತಕ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆಯನ್ನು ರಿಪೇರಿಗೆಂದು ಬಿಚ್ಚಲಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಕೈಗಾದ ಮೊದಲನೆಯ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ನಿಲ್ಲದೆ ನಡೆದು ಜಾಗತಿಕ ದಾಖಲೆ ಸ್ಥಾಪಿಸಿತು. ಇಂಥ ಸ್ಥಾವರಗಳಲ್ಲಿ, ಮುಖ್ಯ ಯಂತ್ರ ನಡೆಯುತ್ತಿರುವಾಗಲೇ ಮೀಸಲು ಸಾಧನಗಳನ್ನು ಗೊತ್ತುಪಡಿಸಿದ ದಿನಗಳಂದು ಪರೀಕ್ಷಿಸುವ ಪದ್ಧತಿಯಿದೆ. ಬ್ಯಾಂಕುಗಳೂ ದೂರದ ಊರಿನಲ್ಲಿ ಪರ್ಯಾಯ ಗಣಕಕೇಂದ್ರವನ್ನಿಟ್ಟು, ಆಗಾಗ್ಗೆ ಅಲ್ಲಿಂದಲೇ ವ್ಯವಹಾರ ನಡೆಸಿ ನೋಡುತ್ತವೆ. ಪೇಸ್‌ಮೇಕರ್ ಹಾಕಿಸಿಕೊಂಡವರು ತಪ್ಪದೆ ತಪಾಸಣೆಗೆ ಹೋಗಬೇಕಾದುದೂ ಇದೇ ನಿಯಮಕ್ಕನುಸಾರ.

ಈ ಮಾತು ಕಾರ್ಖಾನೆಗಳಿಗಷ್ಟೇ ಸೀಮಿತವಲ್ಲ. 2021ರ ಏಪ್ರಿಲ್ 21ರಂದು ನಾಸಿಕದ ನಗರಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ತೊಟ್ಟಿ ಸೋರಿ, ಸುಮಾರು ಅರ್ಧ ಗಂಟೆ ಪೂರೈಕೆ ನಿಂತುದರಿಂದ 20ಕ್ಕೂ ಹೆಚ್ಚು ರೋಗಿಗಳು ಪ್ರಾಣ ಕಳೆದುಕೊಂಡರು. ಪುಣೆಯ ಬಹುಮಹಡಿ ವಸತಿಸಂಘಗಳಲ್ಲಿ ಲಿಫ್ಟಿಗೆಂದು ಕೊಂಡ ಜನರೇಟರ್ ವಿದ್ಯುತ್ತು ಹೋದ ದಿನವೇ ಬ್ಯಾಟರಿ ಸತ್ತಿರುವುದರಿಂದ ಹೊರಡದಿರುವುದು ಅಪರೂಪವೇನಲ್ಲ. ಕಾರ್ಖಾನೆಯಾಗಲಿ, ಆಸ್ಪತ್ರೆಯಾಗಲಿ, ವಸತಿಸಂಘವಾಗಲಿ, ಅಲ್ಲಿರುವ ಕನ್ನಡಿಗರು ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಮೊದಲನೆಯದನ್ನು ಕೆಡಿಸುವ ಕಾರಣವೇ ಎರಡನೆಯದನ್ನೂ ಕೆಡಿಸಬಲ್ಲದೆ? ಎರಡಕ್ಕೂ ತಂತಿ, ಇಂಧನ, ಕೊಠಡಿ ಒಂದೇ ಆಗಿದೆಯೆ? ಹೊಣೆ ಬದಲಾಯಿಸುವವರು ಯಾರು? ಎರಡನೆಯದು ಕಡೆಯ ಬಾರಿ ನಿಜವಾದ ಹೊರೆ ಹೊತ್ತುದು ಎಂದು?

ನವರಾತ್ರಿಯ ಆಯುಧಪೂಜೆಯಂದು ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಯುವ ಸಂಪ್ರದಾಯವನ್ನು ಇಲ್ಲಿಯ ಕನ್ನಡಿಗರು ಉಳಿಸಿಕೊಂಡು ಬಂದಿದ್ದಾರೆ. ಪೂಜೆಗೆ ಮೊದಲ ವಾರ, ತಿಳಿದ ಎಂಜಿನಿಯರರ ಸಮ್ಮುಖದಲ್ಲಿ, ಮುಖ್ಯ ಯಂತ್ರವನ್ನು ಒಂದು ಗಂಟೆ ನಿಲ್ಲಿಸಿ ಮೀಸಲು ಯಂತ್ರದ ಕೈಗೆ ಕೆಲಸವನ್ನು ಒಪ್ಪಿಸುವ ಪದ್ಧತಿಯನ್ನೂ ಆರಂಭಿಸಿದರೆ, ಆ ಕುಂಕುಮಕ್ಕೆ ಅರ್ಥ ಬಂದೀತು. ರಾತ್ರಿ ಪಾಳಿಗೆ ಹೋದವರು ಬೆಳಿಗ್ಗೆ ಮನೆಗೆ ಮರಳುವರೆಂಬ ಭರವಸೆಯೂ ಹೆಚ್ಚೀತು.