ಕಿರುತೆರೆಯ ಮರೆವು ಮತ್ತು ಸೇಡಂ ಸೀಮೆಯ ಮಾತು

ಕನ್ನಡದ ದೈನಂದಿನ ಧಾರಾವಾಹಿಗಳಲ್ಲಿ ತಲೆಗೆ ಪೆಟ್ಟು ಬೀಳುವುದು ಅಪರೂಪದ ಸಂಗತಿಯಲ್ಲ. ಕಥೆ ನಿಂತ ನೀರಾದಾಗ ಪಾತ್ರವೊಂದು ಅಪಘಾತಕ್ಕೀಡಾಗುತ್ತದೆ. ತಲೆಗೆ ಬಿಳಿಯ ಪಟ್ಟಿ ಸುತ್ತಿಕೊಂಡು ಕಣ್ಣು ತೆರೆದಾಗ ಅದಕ್ಕೆ ಹೆಂಡತಿಯ ಅಥವಾ ತಾಯಿಯ ಗುರುತಿರುವುದಿಲ್ಲ. ಉಳಿದಂತೆ ಮಾತು, ನಡಿಗೆ, ಸ್ವಭಾವ ಎಲ್ಲವೂ ಮೊದಲಿನಂತೆಯೇ ಇರುತ್ತವೆ. ಕೆಲವು ವಾರಗಳ ಬಳಿಕ ಒಂದು ಹಾಡೋ, ತಾಳಿಯೋ, ಇನ್ನೊಂದು ಪೆಟ್ಟೋ ನೆನಪನ್ನು ಇಡಿಯಾಗಿ ಮರಳಿಸುತ್ತದೆ. ಎರಡನೆಯ ಪೆಟ್ಟು ಮಿದುಳನ್ನು ಸರಿಪಡಿಸುವುದಿಲ್ಲ, ಇನ್ನಷ್ಟು ಕೆಡಿಸುತ್ತದೆ ಎಂಬ ಸರಳ ಸತ್ಯವನ್ನು ಈ ಕಥನಗಳು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ.

ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಈ ವಿನ್ಯಾಸ ಚಿರಪರಿಚಿತವಾದುದು. ದುರ್ವಾಸನ ಶಾಪದಿಂದ ದುಷ್ಯಂತನಿಗೆ ಮರೆವು, ಉಂಗುರದಿಂದ ಅರಿವು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದ ಕಾಲದಿಂದ ನಮ್ಮ ರಂಗಭೂಮಿ ಬಲ್ಲ ಕಥನಸೂತ್ರವಿದು. ಲಾರಿಯು ದುರ್ವಾಸನ ಸ್ಥಾನವನ್ನು ಪಡೆದಿದೆ, ಅಷ್ಟೆ. ಶಾಪಕ್ಕೆ ವಿಮೋಚನೆಯುಂಟು, ಗಾಯಗೊಂಡ ಮಿದುಳಿಗೆ ಉಂಗುರವಿಲ್ಲ. ಶಾಪದ ಕಥೆಯಲ್ಲಿ ಮರೆತವನು ಅದೇ ವ್ಯಕ್ತಿಯಾಗಿ ಉಳಿಯುತ್ತಾನೆ. ಮಿದುಳಿನ ಗಾಯದಲ್ಲಿ ಮನೆಯವರನ್ನು ಗುರುತಿಸುವವನೇ ಬೇರೊಬ್ಬನಾಗಿರುತ್ತಾನೆ. ಕುಟುಂಬದ ನಿಜವಾದ ಸಂಕಟ ಇಲ್ಲಿದೆ.

ಈ ಸಂಕಟವನ್ನೇ ವಸ್ತುವಾಗಿಸಿಕೊಂಡ ಕಿರುತೆರೆಯ ಕೃತಿಯೊಂದು 2007ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಟೋನಿ ಮರ್ಚಂಟ್ ಬರೆದ ‘ರಿಕವರಿ’ ಎಂಬ ಆ ನಾಟಕದಲ್ಲಿ ರಸ್ತೆ ಅಪಘಾತದಿಂದ ಪ್ರಜ್ಞೆ ತಪ್ಪಿದ ಅಲನ್ ಎಂಬ ಗೃಹಸ್ಥ ಬದುಕಿ ಮನೆಗೆ ಮರಳುತ್ತಾನೆ. ಡೇವಿಡ್ ಟೆನಂಟ್ ಮತ್ತು ಸಾರಾ ಪ್ಯಾರಿಶ್ ಗಂಡಹೆಂಡಿರ ಪಾತ್ರ ವಹಿಸಿದ್ದರು. ಬದುಕಿದನೆಂಬ ಸಂತೋಷ ಮುಗಿದ ಮೇಲೆ ನಾಟಕ ನಿಜವಾಗಿ ಆರಂಭವಾಗುತ್ತದೆ. ಸಣ್ಣ ಕೆಲಸದ ಕ್ರಮವೂ ನಿಲ್ಲದ, ಸಿಟ್ಟಿಗೆ ತಡೆಯಿಲ್ಲದ, ಲಜ್ಜೆಯ ಗೆರೆ ಅಳಿಸಿಹೋದ ಈ ಮನುಷ್ಯನನ್ನು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ಏನೆಂದು ಸ್ವೀಕರಿಸಬೇಕು? ಹೆಂಡತಿ ಹೆಂಡತಿಯಾಗಿ ಉಳಿಯುವಳೋ, ದಾದಿಯಾಗುವಳೋ?

ಇಂಥ ವಸ್ತು ಕನ್ನಡಕ್ಕೆ ಒಗ್ಗದು ಎನ್ನಲಾಗದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ನಿರ್ದೇಶಿಸಿದ ‘ಶರಪಂಜರ’ದ ದುರಂತವು ಆಸ್ಪತ್ರೆಯಲ್ಲಿ ಘಟಿಸುವುದಿಲ್ಲ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆ ಕಾಣುವ ರೀತಿಯಲ್ಲಿ ಘಟಿಸುತ್ತದೆ. ಅಲ್ಲಿಯ ಕಾಯಿಲೆ ಬೇರೆ. ಆದರೆ ಮರಳಿಬಂದವರ ಕಥೆ ಹೇಳುವ ದಾರಿ ಅಲ್ಲಿ ತೆರೆದಿತ್ತು. ಮೂವತ್ತು ವರ್ಷಗಳ ಅನಂತರ, ತಮಿಳಿನ ‘ಸೇತು’ವಿನಿಂದ ಬಂದ ‘ಹುಚ್ಚ’ (2001) ತಲೆಗೆ ಪೆಟ್ಟುಬಿದ್ದ ನಾಯಕನನ್ನು ಮನೆಯಿಂದ ದೂರಕ್ಕೆ ಸಾಗಿಸಿತು. ಶೀರ್ಷಿಕೆಯೇ ಮಿದುಳಿನ ಗಾಯವನ್ನೂ ಹುಚ್ಚನ್ನೂ ಒಂದಾಗಿಸಿತು. ಕಿರುತೆರೆಯು ಮೊದಲಿನ ದಾರಿಯನ್ನು ಹಿಡಿಯಲಿಲ್ಲ.

ಅಂಥ ಧಾರಾವಾಹಿಯೊಂದು ಮೂಡಿಬರುವುದಾದರೆ ಅದರ ನೆಲ ಬೆಂಗಳೂರೇ ಆಗಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ನೋಡಬಹುದು. ಸುಣ್ಣದಕಲ್ಲಿನ ಈ ನೆಲದಲ್ಲಿ ಫರಸಿ ಕಲ್ಲಿನ ಗಣಿಗಳಿವೆ, ಸಿಮೆಂಟ್ ಕಾರ್ಖಾನೆಗಳಿವೆ. ಅವುಗಳ ಲಾರಿಗಳು ಓಡಾಡುವ ರಸ್ತೆಯಲ್ಲೇ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಸಾಗುವ ಕೂಲಿಕಾರರೂ ಇದ್ದಾರೆ. ತಲೆಗೆ ಪೆಟ್ಟಾದವನನ್ನು ಎಲ್ಲಿಗೆ ಒಯ್ಯಬೇಕು? ಕಲಬುರಗಿಗೆ, ಸೊಲ್ಲಾಪುರಕ್ಕೆ ಅಥವಾ ಹೈದರಾಬಾದಿಗೆ. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 600 ಕಿ.ಮೀ. ದೂರದಲ್ಲಿದೆ, ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಹಾಯುವ ರೈಲುಮಾರ್ಗವಾದರೋ ನೇರವಾಗಿ ತಾಂಡೂರು, ಹೈದರಾಬಾದುಗಳತ್ತ ಮುಖಮಾಡಿದೆ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು, ರೋಗಿಯ ದಾರಿ ಬದಲಾಗಲಿಲ್ಲ.

ಕನ್ನಡ ಅಧ್ಯಯನ ವಿಭಾಗಗಳಿಗೆ ಇದರಲ್ಲಿ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಮಿದುಳಿನ ಗಾಯವು ಅನೇಕ ವೇಳೆ ಭಾಷೆಯ ಗಾಯವೂ ಆಗಿರುತ್ತದೆ ಎಂಬುದೇ ಉತ್ತರ. ಕೆಲವರಿಗೆ ಪದ ನೆನಪಾಗದು, ವಾಕ್ಯ ಕಟ್ಟಲಾಗದು. ಇದನ್ನು ಅಫೇಸಿಯಾ ಎನ್ನುತ್ತಾರೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಇನ್ನು ಕೆಲವರಲ್ಲಿ ವ್ಯಾಕರಣ ಸುರಕ್ಷಿತವಾಗಿದ್ದು ಔಚಿತ್ಯ ಮಾತ್ರ ಕಳೆದುಹೋಗುತ್ತದೆ. ಯಾರ ಮುಂದೆ ಏನನ್ನು ಹೇಗೆ ಆಡಬೇಕೆಂಬ ವಿವೇಕ ಉಳಿಯುವುದಿಲ್ಲ. ಈ ಭಾಗದ ಆಡುಮಾತಿನಲ್ಲಿ ಗೌರವವೆಲ್ಲ ‘ರಿ’ ಎಂಬ ಒಂದಕ್ಷರದಲ್ಲಿ ನಿಂತಿದೆ. ನಿನ್ನೆಯವರೆಗೆ ಮಾವನಿಗೆ ‘ಬರ್‍ರಿ’ ಎನ್ನುತ್ತಿದ್ದ ಅಳಿಯ ಇಂದು ‘ಬಾ’ ಎಂದರೆ ವೈದ್ಯನ ಕಡತದಲ್ಲಿ ಅದು ದಾಖಲಾಗುವುದಿಲ್ಲ. ಮನೆಯಲ್ಲಿ ಮಾತ್ರ ಅದು ಬಿರುಕಾಗುತ್ತದೆ. ‘ಮೊದಲಿನಂಗ ಇಲ್ರಿ’ ಎಂದು ಹೆಂಡತಿ ಹೇಳುವ ಮಾತಿನ ಹಿಂದೆ ಇಂಥ ನೂರು ಸೂಕ್ಷ್ಮಗಳಿರುತ್ತವೆ. ಇವುಗಳನ್ನು ಗುರುತಿಸಲು ಬೇಕಾದ ಕಿವಿ ಭಾಷಾಧ್ಯಯನ ಮಾಡಿದವರಲ್ಲಿ ಇರಬೇಕಾದುದು.

ಕನ್ನಡದಲ್ಲಿ ಈ ದಿಕ್ಕಿನ ಕೆಲಸ ನಡೆದೇ ಇಲ್ಲವೆಂದಲ್ಲ. ಮಿದುಳಿನ ಗಾಯ ಮತ್ತು ಓದಿನ ಕುರಿತು ಪ್ರತಿಭಾ ಕಾರಂತರ ಅಧ್ಯಯನಗಳಿವೆ; ಅಫೇಸಿಯಾ ಅಳೆಯುವ ಪಾಶ್ಚಾತ್ಯ ಪರೀಕ್ಷೆಯೊಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆ ಅಳವಟ್ಟಿದೆ. ಆದರೆ ಇಂಥ ಯಾವುದೇ ಪರೀಕ್ಷೆ ಒಂದು ಶಿಷ್ಟ ಕನ್ನಡವನ್ನು ಊಹಿಸಿಕೊಂಡೇ ಹೊರಡುತ್ತದೆ. ಚಿತ್ರ ತೋರಿಸಿ ಹೆಸರು ಕೇಳುವ ಭಾಗವನ್ನೇ ಯೋಚಿಸಬಹುದು. ಬೀಗದ ಚಿತ್ರ ಕಂಡು ಸೇಡಮ್ಮಿನವನು ‘ಕೀಲಿ’ ಎನ್ನುತ್ತಾನೆ. ಅದನ್ನು ತೆರೆಯುವ ಸಾಧನ ಅವನಿಗೆ ‘ಕೀಲಿಕೈ’. ಹಳೆಯ ಮೈಸೂರು ಭಾಗದ ಪರೀಕ್ಷಕನಿಗೆ ಕೀಲಿ ಎಂದರೆ ಬೀಗದಕೈ. ಬೀಗದ ಬದಲು ಬೀಗದಕೈ ಹೇಳಿದನೆಂದರೆ ಅದು ಅಫೇಸಿಯಾದ ಮಾದರಿ ತಪ್ಪು! ಉಳ್ಳಾಗಡ್ಡಿ, ತತ್ತಿ, ಗಿಲಾಸಗಳ ವಿಷಯವೂ ಭಿನ್ನವಲ್ಲ. ಇನ್ನು ಹೈದರಾಬಾದಿನ ಆಸ್ಪತ್ರೆಯಲ್ಲಿ ಪ್ರಶ್ನೆಗಳು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ಬರುತ್ತವೆ. ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿಗಳ ನಡುವೆ ಬದುಕುವ ಚಿಂಚೋಳಿಯ ವ್ಯಕ್ತಿಯಲ್ಲಿ ಗಾಯದ ಅನಂತರ ಯಾವ ಭಾಷೆ ಉಳಿದಿದೆ, ಯಾವುದು ಹೋಗಿದೆ ಎಂಬುದನ್ನು ಒಂದೇ ಭಾಷೆಯ ಪರೀಕ್ಷೆ ತಿಳಿಸಲಾರದು.

ನಾಡಿನ ಒಳಗನ್ನಡಗಳು ಎಷ್ಟೆಂದರೆ ವಾಸುಕಿಯೂ ಅರಿಯಲಾರದೆ ಬೇಸರಗೊಳ್ಳುವನೆಂದು ಒಂಬತ್ತನೆಯ ಶತಮಾನದಲ್ಲಿ ಹೇಳಿದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಸೇಡಂ ತಾಲ್ಲೂಕಿನ ಮಳಖೇಡದ ಅರಸನ ಆಸ್ಥಾನದಲ್ಲಿ. ವಿಚಾರಸಂಕಿರಣಗಳಲ್ಲಿ ಆ ಮಾತನ್ನು ಅಭಿಮಾನದಿಂದ ಸ್ಮರಿಸುವವರು, ಮಳಖೇಡದ ಕಾರ್ಮಿಕನ ಕನ್ನಡ ಆಸ್ಪತ್ರೆಯಲ್ಲಿ ದೋಷವಾಗಿ ಎಣಿಕೆಯಾಗುವ ಸಾಧ್ಯತೆಯನ್ನು ಕುರಿತು ಮೌನವಾಗಿರುವುದು ವಿಚಿತ್ರ.

ಇಲ್ಲಿ ಪಣಕ್ಕಿರುವುದು ಪ್ರಾದೇಶಿಕ ಅಭಿಮಾನವಷ್ಟೇ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಸರಿಸುವ 21 ಬಗೆಗಳಲ್ಲಿ ಅಪಘಾತದಿಂದಾದ ಮಿದುಳಿನ ಗಾಯ ಪ್ರತ್ಯೇಕವಾಗಿ ಇಲ್ಲ. ಕೈಕಾಲು ಸರಿಯಿದ್ದು ಸ್ವಭಾವ ಬದಲಾದವನು ಯಾವ ಬಗೆಗೆ ಸೇರುವನೆಂದು ಕುಟುಂಬವೇ ಹುಡುಕಾಡಬೇಕು. ಅಫೇಸಿಯಾವಾದರೆ ‘ಮಾತು ಮತ್ತು ಭಾಷೆಯ ವೈಕಲ್ಯ’ದ ಅಡಿ ಬರುತ್ತದೆ, ಆದರೆ ಮುಖ್ಯ ಸವಲತ್ತುಗಳಿಗೆ ಶೇ. 40ರಷ್ಟು ವೈಕಲ್ಯ ಪ್ರಮಾಣಿತವಾಗಬೇಕು. ಹೀಗೆ ಪದವೊಂದು ಸರಿಯೋ ತಪ್ಪೋ ಎಂಬ ತೀರ್ಮಾನ ಮನೆಯೊಂದರ ಆದಾಯದ ಪ್ರಶ್ನೆಯಾಗುತ್ತದೆ. ಚಿಕಿತ್ಸೆಯ ದೃಷ್ಟಿಯಿಂದಲೂ, ರೋಗಿ ಎಂದೂ ಬಳಸದ ಪದವನ್ನು ಅವನಿಗೆ ‘ಮರಳಿ’ ಕಲಿಸುವುದು ಶ್ರಮದ ಅಪವ್ಯಯ.

ಧಾರಾವಾಹಿಯ ಮಾತಿಗೆ ಬರುವುದಾದರೆ, ಉತ್ತರ ಕರ್ನಾಟಕದ ಮಾತು ಅಲ್ಲಿ ಬಹುಮಟ್ಟಿಗೆ ಹಾಸ್ಯಕ್ಕೆ, ಮನೆಗೆಲಸದ ಪಾತ್ರಗಳಿಗೆ ಮೀಸಲು. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಈ ಭಾಗದ ಕುಟುಂಬವನ್ನು ಗಂಭೀರವಾಗಿ ಕಂಡ ವಿರಳ ಉದಾಹರಣೆ. ಕಲಬುರಗಿಯ ಕನ್ನಡಕ್ಕೆ ಅಷ್ಟೂ ದೊರೆತಿಲ್ಲ. ದೈನಂದಿನ ಧಾರಾವಾಹಿಯ ನಿಧಾನಗತಿಯನ್ನು ವಿಮರ್ಶಕರು ಯಾವಾಗಲೂ ಗೇಲಿ ಮಾಡುತ್ತ ಬಂದಿದ್ದಾರೆ. ಅದಕ್ಕೆ ಕಾರಣವೂ ಇದೆ. ಆದರೂ ಈ ವಸ್ತುವಿಗೆ ಆ ನಿಧಾನವೇ ತಕ್ಕ ರೂಪ. ಮಿದುಳಿನ ಚೇತರಿಕೆಯ ಕಾಲಮಾನ ತಿಂಗಳು, ವರ್ಷಗಳದು. ‘ರಿಕವರಿ’ಯಂಥ ಒಂದೇ ಕಂತಿನ ನಾಟಕ ಅದನ್ನು ಸಂಕ್ಷೇಪಿಸಲೇಬೇಕಾಗುತ್ತದೆ, ಐನೂರು ಕಂತುಗಳ ಧಾರಾವಾಹಿಗೆ ಆ ಬಡತನವಿಲ್ಲ. ಗಂಡ ಚಹಾ ಮಾಡುವುದನ್ನು ಮರಳಿ ಕಲಿಯುವುದಕ್ಕೆ, ಬೀಗರು ಬರುವುದನ್ನು ನಿಲ್ಲಿಸುವುದಕ್ಕೆ, ಅತ್ತೆ ಸೊಸೆಯರು ಸರದಿಯ ಮೇಲೆ ಅವನನ್ನು ಕಾಯುವುದಕ್ಕೆ ಅಲ್ಲಿ ಸ್ಥಳವಿದೆ.

ಬರೆಯುವವರಿಗೆ ಸಾಮಗ್ರಿ ಎಲ್ಲಿಂದ ಸಿಗಬೇಕು? ಜನಪದ ಗೀತೆ, ಗಾದೆ, ಒಗಟುಗಳಿಗಾಗಿ ಹಳ್ಳಿಹಳ್ಳಿ ಅಲೆದ ಸಂಶೋಧಕರು ಇದೇ ಮನೆಗಳ ಆರೈಕೆಯ ಕಥನಗಳನ್ನು ಇನ್ನೂ ಸಂಗ್ರಹಿಸಬೇಕಾಗಿದೆ. ಸೇಡಂ, ಚಿತ್ತಾಪುರಗಳ ಪದವಿ ಕಾಲೇಜುಗಳ ಅಧ್ಯಾಪಕರು ಮನೆಬಳಕೆಯ ಐನೂರು ವಸ್ತುಗಳ ಸ್ಥಳೀಯ ಹೆಸರುಗಳನ್ನು, ಉರ್ದು ಮತ್ತು ತೆಲುಗು ಮೂಲದವೂ ಸೇರಿದಂತೆ, ಪಟ್ಟಿಮಾಡಿ ವಾಕ್‌ಚಿಕಿತ್ಸಕರ ಕೈಗಿಡಬಲ್ಲರು. ಎಂ.ಫಿಲ್. ಪ್ರಬಂಧಗಳಿಗೆ ವಿಷಯವಿಲ್ಲವೆಂದು ಕೊರಗಿದ ಕಾಲದಲ್ಲಿಯೂ ಈ ಕೆಲಸಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.