ಶಾಸಕರ ಸ್ಥಾನ ಖಾಲಿಯಾದರೆ ಎರಡನೆಯವರಿಗೆ ಸಿಗುತ್ತದೆಯೇ? ಉಪಚುನಾವಣೆ ಬಗ್ಗೆ ಹರಿದಾಡುವ ಮಾತುಗಳು ಮತ್ತು ನಿಜ ಸಂಗತಿ

ಯಾವುದಾದರೂ ಕ್ಷೇತ್ರದ ಶಾಸಕರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಸಾಕು, ಒಂದೆರಡು ದಿನದಲ್ಲಿ ವಾಟ್ಸಾಪ್ ಗುಂಪುಗಳಿಗೆ ಕೆಲವು ಸಂದೇಶಗಳು ಬಂದು ಬೀಳುತ್ತವೆ. "ಹಿಂದಿನ ಚುನಾವಣೆಯಲ್ಲಿ ಎರಡನೇ ಸ್ಥಾನ ಪಡೆದವರನ್ನೇ ಶಾಸಕರೆಂದು ಘೋಷಿಸಿದರೆ ಕೋಟಿಗಟ್ಟಲೆ ಉಳಿಯುತ್ತದೆ, ಕಾನೂನಿನಲ್ಲೇ ಅದಕ್ಕೆ ಅವಕಾಶವಿದೆ." "ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು, ಆಗದಿದ್ದರೆ ಕೋರ್ಟಿಗೆ ಹೋಗಿ." "ಅನರ್ಹರಾದವರು ಆರು ವರ್ಷ ನಿಲ್ಲುವ ಹಾಗಿಲ್ಲ." ಇವುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ, ಒಂದೂ ಪೂರ್ತಿ ನಿಜವೂ ಅಲ್ಲ. ಅದಕ್ಕೇ ಇವು ಇಷ್ಟು ಸಲೀಸಾಗಿ ಓಡಾಡುತ್ತವೆ. ಕರ್ನಾಟಕದಲ್ಲೇ ನಡೆದ ಉಪಚುನಾವಣೆಗಳನ್ನು ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಎರಡನೇ ಸ್ಥಾನದವರ ಕಥೆ

ಗೆದ್ದವರು ನಿಧನರಾದರೆ, ರಾಜೀನಾಮೆ ಕೊಟ್ಟರೆ ಅಥವಾ ಅನರ್ಹರಾದರೆ ಆ ಸ್ಥಾನ ಎರಡನೆಯವರಿಗೆ ಹೋಗುವುದಿಲ್ಲ. ಮತ್ತೆ ಮತದಾನ ನಡೆದೇ ಹೊಸ ಶಾಸಕರು ಬರಬೇಕು. ಹಾಗೆ ಬಂದವರಿಗೂ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಆ ವಿಧಾನಸಭೆಯ ಅವಧಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಚುನಾವಣಾ ತಕರಾರು ಅರ್ಜಿಯಿಂದ. ಸೋತ ಅಭ್ಯರ್ಥಿ ಹೈಕೋರ್ಟಿಗೆ ಹೋಗಿ, "ಗೆದ್ದವರ ಆಯ್ಕೆ ಅಕ್ರಮ, ಸಿಂಧುವಾದ ಮತಗಳಲ್ಲಿ ನನಗೇ ಬಹುಮತ ಬಂದಿದೆ, ನನ್ನನ್ನೇ ಆಯ್ಕೆಯಾದವನೆಂದು ಘೋಷಿಸಿ" ಎಂದು ಕೇಳಬಹುದು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅದು ಮೂಲ ಚುನಾವಣೆಯೇ ಸರಿಯಾಗಿ ನಡೆಯಲಿಲ್ಲ ಎಂದು ಸಾಬೀತಾದಾಗ ಮಾತ್ರ. ಗೆದ್ದವರು ಆಮೇಲೆ ಪಕ್ಷ ಬಿಟ್ಟರು, ತೀರಿಕೊಂಡರು ಎಂಬ ಕಾರಣಕ್ಕೆ ಅಲ್ಲ.

ಈ ಒಂದು ಸಣ್ಣ ಅವಕಾಶ ಎಷ್ಟು ದೊಡ್ಡ ಪರಿಣಾಮ ಮಾಡಬಲ್ಲದು ಎನ್ನುವುದು ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರದ ಜನರಿಗೆ ಚೆನ್ನಾಗಿ ಗೊತ್ತು.

ಮಸ್ಕಿಗೆ 21 ತಿಂಗಳು ಶಾಸಕರಿರಲಿಲ್ಲ

2018ರ ಚುನಾವಣೆಯಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲ್ ಗೆದ್ದದ್ದು ಬರೀ 213 ಮತಗಳಿಂದ. ಸೋತ ಬಿಜೆಪಿ ಅಭ್ಯರ್ಥಿ ಬಸನಗೌಡ ತುರ್ವಿಹಾಳ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದರು. 2019ರ ಜುಲೈನಲ್ಲಿ ಮೈತ್ರಿ ಸರ್ಕಾರದ ವಿರುದ್ಧ ಬಂಡೆದ್ದ 17 ಶಾಸಕರನ್ನು ಆಗಿನ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ಅವರಲ್ಲಿ ಪಾಟೀಲರೂ ಒಬ್ಬರು. 17 ಕ್ಷೇತ್ರಗಳು ಒಟ್ಟಿಗೇ ಖಾಲಿಯಾದವು.

ಕಾಯ್ದೆಯ ಕಲಂ 151ಎ ಪ್ರಕಾರ ಸ್ಥಾನ ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. 15 ಕ್ಷೇತ್ರಗಳಿಗೆ 2019ರ ಡಿಸೆಂಬರ್ 5ರಂದು ಮತದಾನವೂ ಆಯಿತು. ಆದರೆ ಮಸ್ಕಿ ಮತ್ತು ಬೆಂಗಳೂರಿನ ರಾಜರಾಜೇಶ್ವರಿ ನಗರವನ್ನು ಬಿಟ್ಟುಬಿಟ್ಟರು. ಎರಡೂ ಕ್ಷೇತ್ರಗಳ 2018ರ ಫಲಿತಾಂಶದ ಬಗ್ಗೆ ಹೈಕೋರ್ಟಿನಲ್ಲಿ ತಕರಾರು ಬಾಕಿ ಇತ್ತು. ಉಪಚುನಾವಣೆ ನಡೆಸಿ ಹೊಸಬರು ಗೆದ್ದ ಮೇಲೆ, "2018ರಲ್ಲಿ ನಿಜವಾಗಿ ಗೆದ್ದವರು ಅರ್ಜಿದಾರರೇ" ಎಂದು ಕೋರ್ಟು ಹೇಳಿಬಿಟ್ಟರೆ ಒಂದು ಕುರ್ಚಿಗೆ ಇಬ್ಬರು ಶಾಸಕರಾಗುತ್ತಾರೆ.

ರಾಜರಾಜೇಶ್ವರಿ ನಗರದಲ್ಲಿ 2020ರ ನವೆಂಬರ್ 3ರಂದು ಮತದಾನ ನಡೆಯಿತು. ಮಸ್ಕಿಯ ಸರದಿ ಬಂದದ್ದು 2021ರ ಏಪ್ರಿಲ್ 17ರಂದು, ಫಲಿತಾಂಶ ಮೇ 2ಕ್ಕೆ. ಲೆಕ್ಕ ಹಾಕಿದರೆ 21 ತಿಂಗಳು ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಅದರಲ್ಲಿ ಕೋವಿಡ್‌ನ ಮೊದಲ ವರ್ಷವೂ ಸೇರಿತ್ತು. ಸದನದಲ್ಲಿ ಮಸ್ಕಿಯ ಪರವಾಗಿ ಪ್ರಶ್ನೆ ಕೇಳುವವರಿಲ್ಲ, ಬಜೆಟ್ ಚರ್ಚೆಯಲ್ಲಿ ಮಾತಾಡುವವರಿಲ್ಲ. ಅಧಿಕಾರಿಗಳು ಇರುತ್ತಾರೆ, ಕಚೇರಿಗಳು ನಡೆಯುತ್ತವೆ. ಆದರೆ ಅಧಿಕಾರಿ ಕೆಲಸ ಮಾಡಲಿಲ್ಲ ಎಂದು ಯಾರ ಮನೆ ಬಾಗಿಲಿಗೆ ಹೋಗುವುದು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಫಾರ್ವರ್ಡ್‌ಗಳಲ್ಲಿ ಚುನಾವಣೆಯ ಖರ್ಚಿನ ಬಗ್ಗೆ ಇರುವ ಕಾಳಜಿ ಈ ಖಾಲಿತನದ ಬಗ್ಗೆ ಕಾಣುವುದಿಲ್ಲ.

ಕೊನೆಗೆ ಚುನಾವಣೆ ಬಂದಾಗ ಇಬ್ಬರ ಪಕ್ಷಗಳೂ ಅದಲು ಬದಲಾಗಿದ್ದವು. ಪಾಟೀಲರು ಬಿಜೆಪಿಯಿಂದ, ತುರ್ವಿಹಾಳರು ಕಾಂಗ್ರೆಸ್‌ನಿಂದ. 213 ಮತಗಳಿಂದ ಸೋತಿದ್ದ ತುರ್ವಿಹಾಳರು ಈ ಬಾರಿ 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಹಿಂದಿನ ಫಲಿತಾಂಶದ ಪಟ್ಟಿ ನೋಡಿ ಎರಡನೆಯವರನ್ನು ಕೂರಿಸಿಬಿಡಿ ಎನ್ನುವವರಿಗೆ ಇಲ್ಲಿ, "ನೋಡಿ, ಅವರೇ ಗೆದ್ದರಲ್ಲ" ಎನಿಸಬಹುದು. ಆದರೆ 2018ರಲ್ಲಿ ಅವರಿಗೆ ಮತ ಹಾಕಿದವರು ಬಿಜೆಪಿಗೆ ಹಾಕಿದ್ದರು. 2021ರಲ್ಲಿ ಅವರು ಸದನಕ್ಕೆ ಹೋದದ್ದು ಕಾಂಗ್ರೆಸ್ ಸದಸ್ಯರಾಗಿ. ಮತದಾರರನ್ನು ಮತ್ತೆ ಕೇಳದೆ ಇದನ್ನು ತೀರ್ಮಾನಿಸಲು ದಾರಿಯೇ ಇರಲಿಲ್ಲ.

"ಆರೇ ತಿಂಗಳು ಉಳಿದಿದೆ, ಈಗ ಯಾಕೆ ಚುನಾವಣೆ?"

ಆರು ತಿಂಗಳ ನಿಯಮಕ್ಕೆ ಕಾಯ್ದೆಯಲ್ಲೇ ಎರಡು ವಿನಾಯಿತಿಗಳಿವೆ. ತೆರವಾದ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಚುನಾವಣೆ ಬೇಕಿಲ್ಲ. ಅಷ್ಟರಲ್ಲಿ ಚುನಾವಣೆ ನಡೆಸುವುದು ಕಷ್ಟ ಎಂದು ಆಯೋಗ ಕೇಂದ್ರ ಸರ್ಕಾರದೊಂದಿಗೆ ಸಮಾಲೋಚಿಸಿ ಪ್ರಮಾಣೀಕರಿಸಿದರೂ ಬೇಕಿಲ್ಲ.

ಮೊದಲ ವಿನಾಯಿತಿಯಲ್ಲಿ ಜನ ಎಡವುವುದು ದಿನ ಎಣಿಸುವ ರೀತಿಯಲ್ಲಿ. ಮತದಾನದ ದಿನದಿಂದ ಅಲ್ಲ, ಸ್ಥಾನ ಖಾಲಿಯಾದ ದಿನದಿಂದ ಎಣಿಸಬೇಕು. 2018ರ ನವೆಂಬರ್‌ನಲ್ಲಿ ಬಳ್ಳಾರಿ, ಶಿವಮೊಗ್ಗ, ಮಂಡ್ಯ ಲೋಕಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ, ಸಾರ್ವತ್ರಿಕ ಚುನಾವಣೆಗೆ ಕೆಲವೇ ತಿಂಗಳಿರುವಾಗ ಇದೆಲ್ಲ ಯಾಕೆ ಎಂದು ಬಹಳ ಜನ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಸ್ಥಾನಗಳು ಖಾಲಿಯಾದದ್ದು 2018ರ ಮೇನಲ್ಲಿ, ಆಗಿನ ಲೋಕಸಭೆಯ ಅವಧಿ ಮುಗಿಯುವುದು 2019ರ ಜೂನ್ 3ಕ್ಕೆ. ಅಂದರೆ ಒಂದು ವರ್ಷಕ್ಕಿಂತ ಕೆಲವು ದಿನ ಹೆಚ್ಚು. ಅದೇ ಹೊತ್ತಿಗೆ ಆಂಧ್ರದ ಐದು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್ 20ಕ್ಕೆ. ಉಳಿದಿದ್ದು ಒಂದು ವರ್ಷಕ್ಕಿಂತ ಕಡಿಮೆ, ಅಲ್ಲಿ ಚುನಾವಣೆ ಆಗಲಿಲ್ಲ. ವಿಧಾನಸಭೆಗೂ ಇದೇ ಲೆಕ್ಕ.

ಅನರ್ಹರು ಮತ್ತೆ ನಿಲ್ಲಬಹುದೇ?

"ಆರು ವರ್ಷ" ಎಂಬ ಮಾತು ಬಂದಿರುವುದು ಅಪರಾಧ ಪ್ರಕರಣಗಳ ನಿಯಮದಿಂದ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಪಕ್ಷಾಂತರದ ಅನರ್ಹತೆ ಬೇರೆ. 2019ರಲ್ಲಿ ಸ್ಪೀಕರ್ 17 ಜನರನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ನಿಗದಿ ಮಾಡಲು ಸ್ಪೀಕರ್‌ಗೆ ಅಧಿಕಾರವಿಲ್ಲ ಎಂದಿತು. ಹಾಗಾಗಿ ಯಾವ ಸ್ಥಾನ ಕಳೆದುಕೊಂಡರೋ ಅದೇ ಸ್ಥಾನಕ್ಕೆ ಮೂರೇ ವಾರದಲ್ಲಿ ಮತ್ತೆ ನಿಂತರು.

ಒಂದು ಕಟ್ಟು ಮಾತ್ರ ಗಟ್ಟಿಯಾಗಿದೆ: ಪಕ್ಷಾಂತರದಿಂದ ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ ಮಂತ್ರಿಯಾಗುವಂತಿಲ್ಲ. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. ನಾಮಕರಣ ಎಂದರೆ ಚುನಾಯಿತರಾದಂತಲ್ಲ, ಮಂತ್ರಿಯಾಗಲು ಅದು ಸಾಲದು ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟೂ ಒಪ್ಪಿತು. ಹೊಸಕೋಟೆಯಲ್ಲಿ ಸೋತ ಎಂ.ಟಿ.ಬಿ. ನಾಗರಾಜ್ ಪರಿಷತ್ತಿಗೆ ಚುನಾಯಿತರಾಗಿ ಬಂದಿದ್ದರು, ಅವರು ಮಂತ್ರಿಯಾದರು.

ಖಾಲಿ ಕುರ್ಚಿಗೂ ಬಲವಿದೆ

ಒಂದೆರಡು ಸ್ಥಾನ ಖಾಲಿಯಾದರೆ ಸರ್ಕಾರಕ್ಕೆ ಏನೂ ಆಗದಿರಬಹುದು. 17 ಖಾಲಿಯಾದರೆ ಲೆಕ್ಕವೇ ಬದಲಾಗುತ್ತದೆ. ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಬಹುಮತಕ್ಕೆ 113 ಬೇಕು. 17 ಕಳೆದರೆ ಉಳಿಯುವುದು 207, ಬಹುಮತಕ್ಕೆ 104 ಸಾಕು. ಬಿಜೆಪಿ ಬಳಿ 105 ಇದ್ದವು. ಒಂದೂ ಹೊಸ ಮತ ಬೀಳದೆ, ಬಹುಮತದ ಗೆರೆಯೇ ಕೆಳಗಿಳಿದು ಬಂತು. ಡಿಸೆಂಬರ್‌ನಲ್ಲಿ 15 ಸ್ಥಾನ ತುಂಬಿದಾಗ ಗೆರೆ 112ಕ್ಕೆ ಏರಿತು, ಬಿಜೆಪಿ 12 ಗೆದ್ದು 117ಕ್ಕೆ ಮುಟ್ಟಿತು. ಸೋತಿದ್ದರೆ ಸರ್ಕಾರ ಉಳಿಯುತ್ತಿರಲಿಲ್ಲ. ಉಪಚುನಾವಣೆ ಎಂದರೆ ಒಂದು ಊರಿನ ವಿಷಯ ಎಂದುಕೊಳ್ಳುವವರಿಗೆ ಇದನ್ನು ತೋರಿಸಬಹುದು.

"ಉಪಚುನಾವಣೆಯಲ್ಲಿ ಆಡಳಿತ ಪಕ್ಷವೇ ಗೆಲ್ಲುವುದು" ಎಂಬ ಮಾತಿಗೆ ಹೆಚ್ಚು ಸಮಯ ಬೇಕಿಲ್ಲ. 2021ರಲ್ಲಿ ಆಗಿನ ಮುಖ್ಯಮಂತ್ರಿಯ ತವರು ಜಿಲ್ಲೆ ಹಾವೇರಿಯ ಹಾನಗಲ್‌ನಲ್ಲಿ ಆಡಳಿತ ಪಕ್ಷ ಸೋತಿತು. "ಅನುಕಂಪದ ಅಲೆ"ಯೂ ಹಾಗೆಯೇ. ಜಮಖಂಡಿ ಮತ್ತು ಸುರಪುರದಲ್ಲಿ ತೀರಿಕೊಂಡ ಶಾಸಕರ ಮಕ್ಕಳು ಗೆದ್ದರು. ಶಿರಾ ಮತ್ತು ಬಸವಕಲ್ಯಾಣದಲ್ಲಿ ತೀರಿಕೊಂಡ ಶಾಸಕರ ಪತ್ನಿಯರು ಸೋತರು.

ಖರ್ಚು ಯಾರದ್ದು?

ವಿಧಾನಸಭಾ ಉಪಚುನಾವಣೆಯ ಖರ್ಚು ರಾಜ್ಯ ಸರ್ಕಾರದ್ದು, ಅಂದರೆ ನಮ್ಮೆಲ್ಲರದ್ದು. ರಾಜೀನಾಮೆ ಕೊಟ್ಟವರಿಂದ ಅದನ್ನು ವಸೂಲಿ ಮಾಡುತ್ತಾರೆ ಎಂಬ ಸಂದೇಶ ಬಂದರೆ ನಂಬಬೇಡಿ. ಅಂಥ ಕಾನೂನು ಇಲ್ಲ. ಸಾವು ಯಾರ ಕೈಯಲ್ಲೂ ಇಲ್ಲ, ಆದರೆ ಕೆಲವು ತೆರವುಗಳು ಬೇಕೆಂದೇ ಆಗುವಂಥವು. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಚನ್ನಪಟ್ಟಣ, ರಾಮನಗರ ಎರಡರಲ್ಲೂ ಗೆದ್ದು ರಾಮನಗರವನ್ನು ಬಿಟ್ಟರು. ಅಲ್ಲಿನ ಉಪಚುನಾವಣೆಯಲ್ಲಂತೂ ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿಯೇ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ ಸೇರಿದರು. ನಾಮಪತ್ರ ಹಿಂಪಡೆಯುವ ದಿನ ದಾಟಿದ್ದರಿಂದ ಮತಯಂತ್ರದಲ್ಲಿ ಅವರ ಹೆಸರು ಹಾಗೇ ಉಳಿಯಿತು. 2024ರಲ್ಲಿ ಕುಮಾರಸ್ವಾಮಿ, ಬಸವರಾಜ ಬೊಮ್ಮಾಯಿ, ಇ. ತುಕಾರಾಂ ಲೋಕಸಭೆಗೆ ಹೋದದ್ದರಿಂದ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಖಾಲಿಯಾದವು.

ಒಬ್ಬರು ಎಷ್ಟು ಕ್ಷೇತ್ರಗಳಲ್ಲಿ ಬೇಕಾದರೂ ನಿಲ್ಲಬಹುದಾಗಿದ್ದ ಕಾಲವೂ ಇತ್ತು. 1996ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಎರಡರಲ್ಲಿ ಗೆದ್ದು ಒಂದನ್ನು ಬಿಡುವವರು ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ಚುನಾವಣಾ ಆಯೋಗ 2004ರಲ್ಲೇ ಶಿಫಾರಸು ಮಾಡಿತ್ತು. ಅದು ಇನ್ನೂ ಕಾಯ್ದೆಯಾಗಿಲ್ಲ.