ಅಚ್ಚಿಗೊಂದು ನ್ಯಾಯ, ದನಿಗೊಂದು ನ್ಯಾಯ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಊರಿನ ತರುಣರೇ ಬಣ್ಣ ಹಚ್ಚಿಕೊಂಡು ಆಡುವ ನಾಟಕಕ್ಕೆ 1957ರ ಭಾರತೀಯ ಕೃತಿಸ್ವಾಮ್ಯ ಶಾಸನವು ಒಂದು ಅಭಯವನ್ನಿತ್ತಿದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಹವ್ಯಾಸಿ ಮಂಡಳಿಯೊಂದು ಹಣ ತೆರದ ಪ್ರೇಕ್ಷಕರ ಮುಂದಾಗಲಿ, ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಲಿ ಪರರ ಕೃತಿಯನ್ನು ಪ್ರದರ್ಶಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು ಅದರ 52ನೆಯ ಕಲಮು ವಿಧಿಸುತ್ತದೆ. ಕೃತಿಯ ಭಾಷಾಂತರಕ್ಕೂ ರೂಪಾಂತರಕ್ಕೂ ಈ ವಿನಾಯಿತಿ ಸಲ್ಲುತ್ತದೆ. ಆದರೆ ಅದೇ ನಾಟಕವನ್ನು ರಂಗದ ಅಂಚಿನಲ್ಲಿ ನಿಂತ ಹುಡುಗನೊಬ್ಬ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದೊಡನೆ ಆ ಅಭಯವು ಸಂದೇಹಾಸ್ಪದವಾಗುತ್ತದೆ. ಏಕೆಂದರೆ ಚಿತ್ರೀಕರಣವೂ ಸಾರ್ವಜನಿಕ ಪ್ರಸಾರವೂ ಪ್ರದರ್ಶನದಿಂದ ಭಿನ್ನವಾದ ಹಕ್ಕುಗಳು.

ಇದೇ ಭೇದಬುದ್ಧಿ ಕಡಲಾಚೆ ಇನ್ನೂ ವಿಲಕ್ಷಣವಾದ ರೂಪವನ್ನು ತಾಳಿದ್ದುಂಟು. ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ದಾಳ ಉರುಳಿಸುತ್ತ, ತಾವೇ ಕಲ್ಪಿಸಿಕೊಂಡ ಪಾತ್ರಗಳ ಬಾಯಿಂದ ಮಾತಾಡುತ್ತ ಕಥೆ ಕಟ್ಟುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ಒಡೆತನವುಳ್ಳ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು 2000ದಲ್ಲಿ ಮುಕ್ತ ಪರವಾನಗಿಯೊಂದನ್ನು ಪ್ರಕಟಿಸಿ, ಅನ್ಯರೂ ಆ ನಿಯಮಗಳ ಮೇಲೆ ಹೊಸ ಗ್ರಂಥಗಳನ್ನು ರಚಿಸಿ ಮಾರಲು ಎಡೆಗೊಟ್ಟಿತ್ತು. 2023ರ ಜನವರಿಯಲ್ಲಿ ಹೊರಬಿದ್ದ ಹೊಸ ಕರಡು ಆ ಹಳೆಯ ಅನುಮತಿಯನ್ನೇ ಹಿಂತೆಗೆಯಲು ಹೊರಟಿತಲ್ಲದೆ, ತಾನು ಕೊಡುವ ಅನುಮತಿಯನ್ನು ಮುದ್ರಿತ ಪುಸ್ತಕಕ್ಕೂ ಪಿಡಿಎಫ್‌ನಂಥ ನಿಶ್ಚಲ ಕಡತಕ್ಕೂ ಸೀಮಿತಗೊಳಿಸಿತು. ದನಿ, ದೃಶ್ಯ, ಅಭಿನಯಗಳಿಗೆ ಬೇರೆಯೇ ಆದ ಅಭಿಮಾನಿ ನೀತಿ: ಕೇಳುಗರಿಂದ ಶುಲ್ಕ ಪಡೆಯಕೂಡದು, ಅನಧಿಕೃತವೆಂದು ಸಾರಬೇಕು, ಸಂಸ್ಥೆ ಬೇಡವೆಂದ ದಿನ ನಿಲ್ಲಿಸಬೇಕು. ಆಟಗಾರರು ಕೆರಳಿ ನಿಂತ ಮೇಲೆ, ಅದೇ ತಿಂಗಳ 27ರಂದು, ಮೂಲವನ್ನು ಹೆಸರಿಸಿದರೆ ಸಾಕೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ನಿಯಮಗಳ ಮೂಲಪಾಠವನ್ನು ಬಿಟ್ಟುಕೊಡಲಾಯಿತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯಾದರೋ 2021ರಲ್ಲಿಯೇ ಅಭಿಮಾನಿಗಳು ತನ್ನ ಪಾತ್ರಗಳನ್ನು ಕುರಿತು ಚಲಚ್ಚಿತ್ರ ಮಾಡಲೇಕೂಡದೆಂದು ಕಟ್ಟಪ್ಪಣೆ ಮಾಡಿತ್ತು.

ಈ ಆಟವನ್ನು ವಾಡಿಯಲ್ಲೋ ಶಹಾಬಾದಿನಲ್ಲೋ ಆಡುವವರೆಷ್ಟು ಮಂದಿಯೆಂದು ನಗುವವರು ನಗಲಿ. ಸಿಮೆಂಟಿನ ಕಾರ್ಖಾನೆಯಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವವರ ಮಕ್ಕಳಿಗೆ ಪುಸ್ತಕ ಅಚ್ಚುಹಾಕಿಸುವ ಹಣ ಎಲ್ಲಿಂದ ಬಂದೀತು? ಫೋನು ಮಾತ್ರ ಕೈಯಲ್ಲಿದೆ. ನಾಳೆ ಅವರಲ್ಲೊಬ್ಬ ಮಳಖೇಡದ ಕೋಟೆಯನ್ನೂ ಕಾಗಿಣಾ ನದಿಯನ್ನೂ ಕಥಾಭೂಮಿಯಾಗಿಸಿ ಇಂಥದೊಂದು ಆಟದ ಕಥೆಯನ್ನು ತನ್ನ ಕನ್ನಡದಲ್ಲಿ ಹೇಳಹೊರಟರೆ, ಹಣವುಳ್ಳವನ ಪುಸ್ತಕಕ್ಕೆ ತೆರೆದ ಬಾಗಿಲು ಅವನ ದನಿಗೆ ಮುಚ್ಚಿರಬೇಕೆಂಬುದು ಯಾವ ನ್ಯಾಯ? ಕರ್ಬಲಾದ ಕಥೆಯನ್ನು ಮೊಹರಂ ಪದಗಳಾಗಿ ಹಾಡಿಕೊಂಡು ಬಂದ ಈ ಸೀಮೆಯಲ್ಲಿ ಕಥೆಯು ಅಚ್ಚಿಗಿಂತ ಮೊದಲು ಕಂಠದಲ್ಲಿ ಬಾಳಿದೆ. ಹೆಚ್ಚೇಕೆ, ಆ ಮಳಖೇಡದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಆಶ್ರಯಿಸಿ, ಅದನ್ನು ಕನ್ನಡದ ಮಣ್ಣಿಗೆ ಒಗ್ಗಿಸಿದ ಗ್ರಂಥ. ಇಂದಿನ ವಕೀಲರ ಕೈಗೆ ಸಿಕ್ಕಿದ್ದರೆ ಅದನ್ನು ಬರೆದ ಶ್ರೀವಿಜಯನಿಗೆ ನೋಟೀಸು ತಪ್ಪುತ್ತಿರಲಿಲ್ಲ.

ಮೂಲಕರ್ತೃವಿನ ಅನ್ನಕ್ಕೆ ಕಲ್ಲು ಹಾಕಬೇಕೆಂದು ನಾನು ಹೇಳುತ್ತಿಲ್ಲ. ನಾಟಕದ ಪುಸ್ತಕ ಬರೆದು ಬದುಕುವವನಿಗೆ ಆಡುವವರಿಂದ ಗೌರವಧನ ಸಲ್ಲತಕ್ಕದ್ದೇ. ಕಲ್ಪನೆಗೆ ಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರವೆಂದು 1978ರ ಆರ್. ಜಿ. ಆನಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎಳೆದ ಗೆರೆಯೂ ಸಮಂಜಸವಾದುದೇ. ಅದರಂತೆ ದಾಳದ ಆಟದ ಕ್ರಮವು ಎಲ್ಲರದು, ಸಂಸ್ಥೆ ಸೃಷ್ಟಿಸಿದ ಪಾತ್ರಗಳು ಸಂಸ್ಥೆಯವು. ನನ್ನ ಆಕ್ಷೇಪವಿರುವುದು ಮಾಧ್ಯಮವನ್ನು ನೋಡಿ ಅನುಮತಿಯನ್ನು ಅಳೆಯುವ ಪದ್ಧತಿಗೆ. ಕಥೆಗಾರನು ಮೂಲವನ್ನು ಹೆಸರಿಸಿದನೇ, ಹಣ ಪಡೆದನೇ, ಪಡೆದರೆ ಪಾಲು ಕೊಟ್ಟನೇ ಎಂಬಿಷ್ಟನ್ನು ವಿಚಾರಿಸುವುದು ಸಾಕು. ಒಮ್ಮೆ ಕೊಟ್ಟ ಅನುಮತಿಯನ್ನು, ಅದನ್ನು ನಂಬಿ ದುಡಿದವನ ಕೈಯಿಂದ ಕಸಿಯಬಾರದು. 2012ರ ತಿದ್ದುಪಡಿಯು 31ಡಿ ಕಲಮನ್ನು ಸೇರಿಸಿ, ನಿಗದಿಯಾದ ಶುಲ್ಕ ತೆತ್ತು ಕೃತಿಗಳನ್ನು ಬಿತ್ತರಿಸುವ ಶಾಸನಬದ್ಧ ಪರವಾನಗಿಯನ್ನು ಪ್ರಸಾರ ಸಂಸ್ಥೆಗಳಿಗೆ ದೊರಕಿಸಿತು. ಅಷ್ಟು ದೊಡ್ಡವರಿಗೆ ದೊರೆತ ಸೌಕರ್ಯದ ಒಂದಂಶವನ್ನಾದರೂ ಚಿಂಚೋಳಿಯ ಹವ್ಯಾಸಿ ಮಂಡಳಿಗೂ ವಿಸ್ತರಿಸಿ, ಶುಲ್ಕವಿಲ್ಲದ ಅದರ ಪ್ರದರ್ಶನದ ಚಿತ್ರೀಕರಣವೂ 52ನೆಯ ಕಲಮಿನ ಆಶ್ರಯದಲ್ಲಿಯೇ ಇದೆಯೆಂದು ಮುಂದಿನ ತಿದ್ದುಪಡಿಯಲ್ಲಿ ಸಂಸತ್ತು ಸ್ಪಷ್ಟವಾಗಿ ಬರೆಯಲಿ.